ಸೊಂಟ ಮುರಿದ ಹಿರಿಯರು ಮತ್ತೆ ಆಸ್ಪತ್ರೆ ಸೇರದಂತೆ ನೋಡಿಕೊಳ್ಳುವ ಬಗೆ



ಮನೆಯಲ್ಲಿ ವಯಸ್ಸಾದವರೊಬ್ಬರು ಬಚ್ಚಲಲ್ಲಿ ಜಾರಿಯೋ, ಹೊಸಿಲು ಎಡವಿಯೋ, ದನದ ಹಗ್ಗ ಕಾಲಿಗೆ ತೊಡರಿಯೋ ಬಿದ್ದು ಸೊಂಟ ಮುರಿದುಕೊಂಡರೆ ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ. ಸಾಲಸೋಲ ಮಾಡಿಯಾದರೂ ತುಮಕೂರಿಗೋ ಬೆಂಗಳೂರಿಗೋ ಕರೆದೊಯ್ಯುತ್ತಾರೆ. ಶಸ್ತ್ರಚಿಕಿತ್ಸೆಯಾಗುತ್ತದೆ. ವಾರ ಹತ್ತು ದಿನಕ್ಕೆ ಮನೆಗೆ ಬಂದಾಗ, “ಸದ್ಯ, ಗಂಡಾಂತರ ಕಳೆಯಿತು” ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ.

ಆದರೆ ಗಂಡಾಂತರ ಪೂರ್ತಿ ಕಳೆದಿರುವುದಿಲ್ಲ. ಹೀಗೆ ಮನೆಗೆ ಬಂದ ಹಿರಿಯರಲ್ಲಿ ನೂರಕ್ಕೆ ಸುಮಾರು 10 ಮಂದಿ ಒಂದು ತಿಂಗಳೊಳಗೇ ಮತ್ತೆ ಆಸ್ಪತ್ರೆ ಸೇರುತ್ತಾರೆಂದು ಅನೇಕ ದೇಶಗಳ ಲೆಕ್ಕ ತಿಳಿಸುತ್ತದೆ. ಒಂದು ವರ್ಷದೊಳಗೆ ತೀರಿಕೊಳ್ಳುವವರು ನೂರಕ್ಕೆ 20ರಿಂದ 30. ಇವರಲ್ಲಿ ಹೆಚ್ಚಿನವರ ಮುರಿದ ಮೂಳೆಗೆ ಏನೂ ತೊಂದರೆಯಾಗಿರುವುದಿಲ್ಲ. ಎದೆಯಲ್ಲಿ ಕಫ ಕಟ್ಟಿ, ಮೂತ್ರದಲ್ಲಿ ಸೋಂಕು ತಗುಲಿ, ಬೆನ್ನಿನ ಚರ್ಮ ಹುಣ್ಣಾಗಿ, ಇಲ್ಲವೇ ಮತ್ತೊಮ್ಮೆ ಬಿದ್ದು ಅವರು ಹಿಂದಿರುಗುತ್ತಾರೆ. ಇವುಗಳಲ್ಲಿ ಬಹುಪಾಲು ಹುಟ್ಟುವುದು ಮನೆಯಲ್ಲಿ. ತಡೆಯುವ ಉಪಾಯವೂ ಮನೆಯವರ ಕೈಯಲ್ಲಿಯೇ ಇದೆ. ಅದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮುರಿಯುವುದು ಯಾವುದು?

ಸೊಂಟ ಮುರಿಯಿತು ಎಂದು ನಾವು ಹೇಳಿದರೂ ಸಾಮಾನ್ಯವಾಗಿ ಮುರಿಯುವುದು ತೊಡೆಮೂಳೆಯ ಮೇಲ್ತುದಿ. ಆ ತುದಿ ಗುಂಡಗಿದ್ದು ಸೊಂಟದ ಗುಳಿಯಲ್ಲಿ ಕುಳಿತಿರುತ್ತದೆ. ಗುಂಡಿನ ಕೆಳಗಿನ ಕತ್ತು ಮುರಿಯಬಹುದು, ಇಲ್ಲವೇ ಅದಕ್ಕೂ ಕೆಳಗೆ ಮೂಳೆ ದಪ್ಪವಾಗುವಲ್ಲಿ ಮುರಿಯಬಹುದು. ಕತ್ತು ಮುರಿದರೆ ಗುಂಡಿಗೆ ರಕ್ತ ಹರಿಯುವುದು ನಿಲ್ಲುವ ಸಂಭವವಿರುವುದರಿಂದ ವಯಸ್ಸಾದವರಿಗೆ ಅದನ್ನು ತೆಗೆದು ಲೋಹದ ಗುಂಡು ಕೂರಿಸುವುದೇ ಹೆಚ್ಚು. ಕೆಳಗೆ ಮುರಿದರೆ ಒಳಗೆ ಸರಳು ಅಥವಾ ತಗಡು ಹಾಕಿ ತಿರುಪುಗಳಿಂದ ಬಿಗಿಯುತ್ತಾರೆ.

ಬಿದ್ದವರ ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ವಾಲಿದ್ದರೆ, ಕಾಲೆತ್ತಲು ಆಗದಿದ್ದರೆ ಈ ಮುರಿತವೆಂದೇ ತಿಳಿಯಿರಿ. ಕೆಲವರು ಮುರಿದ ಕಾಲಿನಲ್ಲಿಯೇ ನಾಲ್ಕು ಹೆಜ್ಜೆ ನಡೆಯುವುದೂ ಉಂಟು. ಆದುದರಿಂದ ನೋವು ಹೋಗದಿದ್ದರೆ ಎಕ್ಸ್-ರೇ ತೆಗೆಸಲೇಬೇಕು. ನೀವುವುದು, ಎಳೆಯುವುದು, ಕಟ್ಟು ಕಟ್ಟಿಸುವುದು ಬೇಡ. ಮುಂಗೈ ಮೂಳೆಗೆ ಹೊರಗಿನಿಂದ ದಬ್ಬೆ ಕಟ್ಟಿ ಅಲುಗದಂತೆ ಇಡಬಹುದು. ದಪ್ಪ ಮಾಂಸದೊಳಗೆ ಹುದುಗಿದ ಈ ಮೂಳೆಯನ್ನು ಯಾವ ಕಟ್ಟೂ ಹಿಡಿದಿಡಲಾರದು. 108ಕ್ಕೆ ಫೋನ್ ಮಾಡಿ, ಮಲಗಿದಂತೆಯೇ ಸಾಗಿಸಿರಿ.

ಹಾಸಿಗೆಯೇ ಶತ್ರು

ಹಿಂದಿನ ಕಾಲದಲ್ಲಿ ಈ ಮುರಿತಕ್ಕೆ ಕಾಲಿಗೆ ತೂಕ ಕಟ್ಟಿ ವಾರಗಟ್ಟಲೆ, ತಿಂಗಳುಗಟ್ಟಲೆ ಮಲಗಿಸುತ್ತಿದ್ದರು. ಮೂಳೆ ಕೂಡುವ ಮೊದಲೇ ಅನೇಕರು ಹಾಸಿಗೆಯ ರೋಗಗಳಿಂದ ತೀರಿಹೋಗುತ್ತಿದ್ದರು. ಅಮೆರಿಕದ ಬಾಸ್ಟನ್ ನಗರದ ಡಾ. ಸ್ಮಿತ್-ಪೀಟರ್ಸನ್ ಅವರು ಮೂರು ಅಲಗಿನ ಉಕ್ಕಿನ ಮೊಳೆಯಿಂದ ಕತ್ತನ್ನು ಜೋಡಿಸುವ ವಿಧಾನವನ್ನು 1931ರಲ್ಲಿ ಪ್ರಕಟಿಸಿದರು. 1950ರ ದಶಕದಿಂದ ಡಾ. ಆಸ್ಟಿನ್ ಮೂರ್ ಅವರ ಹೆಸರಿನ ಲೋಹದ ಗುಂಡು ಬಳಕೆಗೆ ಬಂತು. ಈ ಸಾಧನಗಳ ಮುಖ್ಯ ಉದ್ದೇಶ ರೋಗಿಯನ್ನು ಬೇಗ ಹಾಸಿಗೆಯಿಂದ ಎಬ್ಬಿಸುವುದು.

ಇಂದಿನ ವೈದ್ಯಶಾಸ್ತ್ರದ ನಿಯಮವೂ ಇದೇ: ಸಾಧ್ಯವಾದರೆ ಎರಡು ದಿನದೊಳಗೆ ಶಸ್ತ್ರಚಿಕಿತ್ಸೆ, ಮಾರನೆಯ ದಿನವೇ ಎದ್ದು ನಿಲ್ಲಿಸುವುದು. 17 ದೇಶಗಳ 2,970 ರೋಗಿಗಳನ್ನು ಸೇರಿಸಿಕೊಂಡ ಒಂದು ದೊಡ್ಡ ಪರೀಕ್ಷೆಯ ಫಲ 2020ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯನ್ನು ತೀರ ಬೇಗ ಮಾಡಿದುದರಿಂದ ಸಾವಿನ ಸಂಖ್ಯೆಯೇನೂ ಇಳಿಯಲಿಲ್ಲ. ಆದರೆ ಬುದ್ಧಿ ಕದಡುವುದು ಮತ್ತು ಮೂತ್ರದ ಸೋಂಕು ಕಡಮೆಯಾದುವು. ಜನ ಬೇಗ ಎದ್ದು ನಡೆದರು.

ಎರಡು ನಿದರ್ಶನಗಳು

ನೆರೆಯ ತೆಲಂಗಾಣದ ಮಾಜಿ ಮುಖ್ಯಮಂತ್ರಿ ಶ್ರೀ ಕೆ. ಚಂದ್ರಶೇಖರ ರಾವ್ ಅವರು 2023ರ ಡಿಸೆಂಬರ್ 7ರ ರಾತ್ರಿ ತಮ್ಮ ತೋಟದ ಮನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಆಗ ಅವರಿಗೆ 69 ವರ್ಷ. 8ರಂದು ಹೈದರಾಬಾದಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮಾರನೆಯ ದಿನವೇ ವೈದ್ಯರು ಅವರನ್ನು ವಾಕರ್ ಹಿಡಿಸಿ ನಡೆಸಿದರು. ಅಷ್ಟು ದೊಡ್ಡವರನ್ನು ನೋವಿನಲ್ಲಿ ಹೀಗೆ ನಡೆಸಬಹುದೇ ಎಂದು ಕೆಲವರಿಗೆ ಅನಿಸಿರಬಹುದು. ಆದರೆ ಅದು ಚಿಕಿತ್ಸೆಯ ಭಾಗ. ನಮ್ಮ ಮನೆಯ ಅಜ್ಜಿಗೂ ಅದೇ ಚಿಕಿತ್ಸೆ ಸಲ್ಲಬೇಕು.

ಎರಡನೆಯದು ನಮ್ಮ ಜಿಲ್ಲೆಯೇ ಮರೆಯದ ಸಂಗತಿ. ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಸ್ವಾಮಿಗಳವರಿಗೆ 2018ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಪಿತ್ತನಾಳದ ಶಸ್ತ್ರಚಿಕಿತ್ಸೆಯಾಯಿತು. ತುಮಕೂರಿಗೆ ಮರಳಿದ ಮೇಲೆ ಶ್ವಾಸಕೋಶದ ಸೋಂಕು ಕಾಣಿಸಿಕೊಂಡು ಮತ್ತೆ ಆಸ್ಪತ್ರೆಯ ಚಿಕಿತ್ಸೆ ನಡೆಯಿತು. 2019ರ ಜನವರಿ 21ರಂದು, ತಮ್ಮ 111ನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಅದು ಮೂಳೆಯ ರೋಗವಲ್ಲ; ಆರೈಕೆಯಲ್ಲಿ ಕೊರತೆಯೂ ಇರಲಿಲ್ಲ. ವೃದ್ಧಾಪ್ಯದಲ್ಲಿ ಶಸ್ತ್ರಚಿಕಿತ್ಸೆಯ ಬಳಿಕ ಶ್ವಾಸಕೋಶ ಎಷ್ಟು ಸೂಕ್ಷ್ಮ ಎಂಬುದನ್ನು ಈ ಸಂಗತಿ ತಿಳಿಸುತ್ತದೆ. ಮತ್ತೆ ಆಸ್ಪತ್ರೆಗೆ ಹೋಗುವುದೆಲ್ಲವೂ ಮನೆಯವರ ತಪ್ಪಿನಿಂದಲ್ಲ ಎಂಬುದನ್ನೂ ನೆನಪಿಡಬೇಕು.

ಆಸ್ಪತ್ರೆಯಿಂದ ಹೊರಡುವ ಮುನ್ನ

ಬಿಡುಗಡೆಯ ಚೀಟಿ ಕೈಗೆ ಬಂದೊಡನೆ ಬಸ್ಸಿಗೆ ಓಡಬೇಡಿ. ಮನೆಯಲ್ಲಿ ಆರೈಕೆ ಮಾಡುವವರು ಯಾರೋ ಅವರೇ, ಸೊಸೆಯಾಗಲಿ ಮಗನಾಗಲಿ, ಮುಂದೆ ನಿಂತು ಈ ಪ್ರಶ್ನೆಗಳನ್ನು ಕೇಳಬೇಕು:

1. ಮುರಿದ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು? ಪೂರ್ತಿಯೇ, ಸ್ವಲ್ಪವೇ?

2. ಒಳಗೆ ಹಾಕಿರುವುದು ಲೋಹದ ಗುಂಡೇ, ಸರಳೇ? ಯಾವ ರೀತಿ ಕುಳಿತುಕೊಳ್ಳಬಾರದು?

3. ಮೂತ್ರದ ನಳಿಕೆಯನ್ನು ತೆಗೆದಾಯಿತೇ? ತೆಗೆಯದಿದ್ದರೆ ಯಾವಾಗ?

4. ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವ ಸೂಜಿ ಅಥವಾ ಮಾತ್ರೆ ಎಷ್ಟು ದಿನ?

5. ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಮೊದಲಿನಿಂದ ನುಂಗುತ್ತಿದ್ದ ಮಾತ್ರೆಗಳಲ್ಲಿ ಯಾವುದು ಉಂಟು, ಯಾವುದು ಬಿಟ್ಟಿತು?

6. ಹೊಲಿಗೆ ಬಿಚ್ಚುವುದು ಎಂದು? ಮತ್ತೆ ಬರುವುದು ಎಂದು? ತೊಂದರೆಯಾದರೆ ಯಾರಿಗೆ ಫೋನ್ ಮಾಡುವುದು?

ಐದನೆಯ ಪ್ರಶ್ನೆಯನ್ನು ಹಗುರವಾಗಿ ಕಾಣಬೇಡಿ. ಹಳೆಯ ಡಬ್ಬಿಯ ಮಾತ್ರೆಯೂ ಹೊಸ ಚೀಟಿಯ ಮಾತ್ರೆಯೂ ಒಂದೇ ಔಷಧವಾಗಿದ್ದು, ಹೆಸರು ಮಾತ್ರ ಬೇರೆಯಾಗಿರಬಹುದು. ಎರಡನ್ನೂ ನುಂಗಿದರೆ ರಕ್ತದೊತ್ತಡ ಕುಸಿದು, ತಲೆ ತಿರುಗಿ, ಮತ್ತೆ ಬೀಳುವರು. ಹಳೆಯ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಆಸ್ಪತ್ರೆಗೇ ಒಯ್ದು ತೋರಿಸಿರಿ.

ಖರ್ಚಿನ ವಿಚಾರವಾಗಿ ಒಂದು ಮಾತು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಪಡಿತರ ಚೀಟಿ ಮತ್ತು ಆಧಾರ್ ಚೀಟಿಗಳನ್ನು ಮೊದಲ ದಿನವೇ ಒಯ್ದು, ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಕಾಣಿರಿ.

ಮನೆಯ ಆರೈಕೆ

ಎದೆ: ಮಲಗಿದಲ್ಲಿಯೇ ಇರುವವರ ಶ್ವಾಸಕೋಶದ ತಳದಲ್ಲಿ ಕಫ ಶೇಖರವಾಗಿ ನ್ಯುಮೋನಿಯಾ ಬರುತ್ತದೆ. ಮತ್ತೆ ಆಸ್ಪತ್ರೆ ಸೇರಿಸುವ ಕಾರಣಗಳಲ್ಲಿ ಇದು ಮುಂಚೂಣಿಯದು. ಹಗಲೆಲ್ಲ ಆದಷ್ಟು ಕುಳಿತಿರಲಿ. ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ಸಲ ದೀರ್ಘವಾಗಿ ಉಸಿರೆಳೆದು ಬಿಡಲಿ. ಕೆಮ್ಮಿ ಕಫ ಉಗುಳಲಿ. ಮಲಗಿಸಿಕೊಂಡು ಗಂಜಿ ಹುಯ್ಯಬಾರದು. ಅದು ಶ್ವಾಸನಾಳಕ್ಕೆ ಇಳಿಯಬಹುದು. ನೆಟ್ಟಗೆ ಕೂರಿಸಿ ತಿನ್ನಿಸಿ, ಅರ್ಧ ಗಂಟೆ ಹಾಗೆಯೇ ಬಿಡಿ. ಸೌದೆಯ ಹೊಗೆ ಸುತ್ತುವ ಕೋಣೆಯಲ್ಲಿ ಮಂಚ ಹಾಕಬೇಡಿ, ಬೀಡಿಯನ್ನಂತೂ ಬಿಡಿಸಲೇಬೇಕು.

ನಡಿಗೆ: “ಪಾಪ, ಮಲಗಿರಲಿ, ಎಬ್ಬಿಸಬೇಡ” ಎನ್ನುವುದು ಪ್ರೀತಿಯ ಮಾತೇ ಸರಿ, ಆದರೆ ಅದರ ಫಲ ಒಳ್ಳೆಯದಲ್ಲ. ವೈದ್ಯರು ಹೇಳಿದಷ್ಟು ಭಾರ ಹಾಕಿ, ವಾಕರ್ ಹಿಡಿಸಿ, ದಿನಕ್ಕೆ ಐದಾರು ಸಲವಾದರೂ ನಡೆಸಿರಿ. ಮೊದಲು ಮಂಚದಿಂದ ಬಾಗಿಲಿಗೆ, ಆಮೇಲೆ ಜಗಲಿಗೆ, ಆಮೇಲೆ ಅಂಗಳಕ್ಕೆ. ಏಳುವ ಮುನ್ನ ಮಂಚದಂಚಿನಲ್ಲಿ ಒಂದೆರಡು ನಿಮಿಷ ಕೂರಿಸಿ. ಮಲಗಿರುವಾಗಲೂ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರಲಿ. ಇದರಿಂದ ಮೀನಖಂಡದಲ್ಲಿ ರಕ್ತ ನಿಲ್ಲದೆ ಓಡುತ್ತದೆ.

ನೋವು: ನೋವಿದ್ದರೆ ನಡೆಯಲಾರರು, ಕೆಮ್ಮಲಾರರು. ಆದುದರಿಂದ ವೈದ್ಯರು ಬರೆದ ನೋವಿನ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡಿ. ಅಂಗಡಿಯಲ್ಲಿ ಕೇಳಿ ತಂದ ಬೇರೆ ನೋವಿನ ಮಾತ್ರೆ ಬೇಡ. ಅನೇಕವು ಮೂತ್ರಪಿಂಡವನ್ನು ಕೆಡಿಸುತ್ತವೆ. ಕೆಲವು ಮಾತ್ರೆಗಳಿಂದ ಮಲಬದ್ಧತೆಯಾಗುವುದು ಸಹಜ. ನೀರು, ಸೊಪ್ಪು, ಹಣ್ಣು ಕೊಟ್ಟೂ ಮೂರು ದಿನ ಹೊರಕ್ಕೆ ಹೋಗದಿದ್ದರೆ ವೈದ್ಯರಿಗೆ ತಿಳಿಸಿ.

ನೀರು: ಪದೇ ಪದೇ ಎಬ್ಬಿಸಲು ಸೊಸೆಯನ್ನು ಕರೆಯಬೇಕಲ್ಲಾ ಎಂಬ ಸಂಕೋಚದಿಂದ ಅನೇಕ ಹಿರಿಯರು ನೀರನ್ನೇ ಬಿಡುತ್ತಾರೆ. ಬಾಯಿಬಿಟ್ಟು ಹೇಳುವುದೂ ಇಲ್ಲ. ಅದರಿಂದ ಮೂತ್ರದ ಸೋಂಕು, ನಿಶ್ಶಕ್ತಿ, ಬುದ್ಧಿ ಕದಡುವುದು ಬರುತ್ತವೆ. “ಅತ್ತೆಮ್ಮಾ, ನೀವು ಕರೆದರೆ ನನಗೇನೂ ಬೇಸರವಿಲ್ಲ” ಎಂದು ಸೊಸೆ ಒಮ್ಮೆ ಹೇಳಿದರೆ ಅದು ಒಂದು ಔಷಧಕ್ಕೆ ಸಮ. ಹೃದಯದ ಅಥವಾ ಮೂತ್ರಪಿಂಡದ ರೋಗಕ್ಕಾಗಿ ನೀರು ಮಿತಗೊಳಿಸಿಲ್ಲದಿದ್ದರೆ, ಮಜ್ಜಿಗೆ ಅಂಬಲಿಗಳೂ ಸೇರಿ ದಿನಕ್ಕೆ ಆರೆಂಟು ಲೋಟ ಕುಡಿಸಿರಿ.

ಚರ್ಮ: ಬಾಲಮೂಳೆಯ ಮೇಲೆ, ಸೊಂಟದ ಪಕ್ಕ, ಹಿಮ್ಮಡಿಯಲ್ಲಿ ಒತ್ತಡದಿಂದ ಹುಣ್ಣಾಗುತ್ತದೆ. ಒಂದೆರಡು ದಿನದಲ್ಲಿ ಆದ ಹುಣ್ಣು ಮಾಯಲು ತಿಂಗಳುಗಳು ಬೇಕಾಗಬಹುದು. ದಿನವೂ ಬೆಳಕಿನಲ್ಲಿ ನೋಡಿರಿ. ಮಲಗಿರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಇಡಿ. ಒದ್ದೆ ಬಟ್ಟೆಯನ್ನು ಕೂಡಲೇ ಬದಲಾಯಿಸಿ. ಕೆಂಪಾದ ಜಾಗವನ್ನು ತಿಕ್ಕಬಾರದು. ಅಲ್ಲಿ ಭಾರ ಬೀಳದಂತೆ ಮಾಡಿ ವೈದ್ಯರಿಗೆ ತೋರಿಸಬೇಕು.

ಗಾಯ: ಗಾಯ ಒಣಗಿರಲಿ. ಅರಿಶಿನ, ಎಣ್ಣೆ, ಸೊಪ್ಪಿನ ರಸ ಯಾವುದನ್ನೂ ಹಚ್ಚಬೇಡಿ. ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಹತೋಟಿಯಲ್ಲಿದ್ದರೆ ಮಾತ್ರ ಗಾಯ ಸರಿಯಾಗಿ ಮಾಯುತ್ತದೆ.

ಕೂರುವ ರೀತಿ: ಲೋಹದ ಗುಂಡು ಹಾಕಿಸಿಕೊಂಡವರು ಕುಕ್ಕರುಗಾಲಿನಲ್ಲಿ ಕೂತರೆ, ಚಕ್ಕಳಮಕ್ಕಳ ಹಾಕಿದರೆ, ತಗ್ಗಾದ ಮಣೆಯ ಮೇಲೆ ಕೂತರೆ ಗುಂಡು ಗುಳಿಯಿಂದ ಜಾರಬಹುದು. ವೈದ್ಯರು ಅಪ್ಪಣೆ ಕೊಡುವವರೆಗೆ ಊಟ ಎತ್ತರದ ಕುರ್ಚಿಯಲ್ಲಿಯೇ ಆಗಲಿ. ನಮ್ಮ ಹಳ್ಳಿಯ ಪಾಯಖಾನೆಗಳು ಹೆಚ್ಚಾಗಿ ಕುಕ್ಕರುಗಾಲಿನವೇ. ಕಮೋಡ್ ಕುರ್ಚಿ ಸಿಕ್ಕದಿದ್ದರೆ, ಅಲುಗಾಡದ ಮರದ ಕುರ್ಚಿಯ ನಡುವೆ ರಂಧ್ರ ಮಾಡಿಸಿ ಕೆಳಗೆ ಪಾತ್ರೆ ಇಡಬಹುದು. ಊರ ಬಡಗಿಗೆ ಇದು ಅರ್ಧ ದಿನದ ಕೆಲಸ.

ಆಹಾರ: ಶಸ್ತ್ರಚಿಕಿತ್ಸೆಯಾದವರಿಗೆ “ನಂಜು” ಎಂದು ಮೊಟ್ಟೆ, ಬೇಳೆ, ಮೊಸರು ಎಲ್ಲವನ್ನೂ ನಿಲ್ಲಿಸಿ ಬರಿಯ ತಿಳಿಸಾರು, ಬ್ರೆಡ್ಡು ಕೊಡುವುದುಂಟು. ಇದು ತಪ್ಪು. ಗಾಯ ಮಾಯಲು, ಸ್ನಾಯು ಉಳಿಯಲು ಇಂಥ ಆಹಾರವೇ ಬೇಕು. ಹಾಲು, ಮೊಸರು, ಅವರೆ, ಹುರುಳಿ, ಹೆಸರು, ತಿನ್ನುವವರಾದರೆ ಮೊಟ್ಟೆ, ಮಾಂಸ, ಮೀನು, ಇವು ದಿನವೂ ಇರಲಿ. ನಮ್ಮ ಸೀಮೆಯ ರಾಗಿಯ 100 ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಯಾವ ಧಾನ್ಯವೂ ಇದಕ್ಕೆ ಸಾಟಿಯಲ್ಲ. ಒಂದು ಮುದ್ದೆ, ನುಗ್ಗೆಸೊಪ್ಪಿನ ಸಾರು, ಒಂದು ಲೋಟ ಮಜ್ಜಿಗೆ ಬಡವರಿಗೂ ಎಟುಕುವ ಊಟ. ಮುದ್ದೆ ನುಂಗಲಾರದವರಿಗೆ ಅಂಬಲಿ ಮಾಡಿ, ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಕೊಡಿ.

ಬುದ್ಧಿ: ಇದ್ದಕ್ಕಿದ್ದಂತೆ ಹಿರಿಯರು ಮನೆಯವರ ಗುರುತು ಹಿಡಿಯದೆ, ಇಲ್ಲದ್ದನ್ನು ಕಂಡಂತೆ ಮಾತಾಡಿ, ರಾತ್ರಿ ಎದ್ದು ಹೊರಡಬಹುದು. “ಗಾಳಿ ಸೋಕಿದೆ” ಎಂದು ಯಂತ್ರ ಕಟ್ಟಿಸಲು ಓಡಬೇಡಿ; ಕೈಕಾಲು ಕಟ್ಟಿಹಾಕಲೂ ಬೇಡಿ. ಸೋಂಕು, ನೀರಿನ ಕೊರತೆ, ಕಟ್ಟಿದ ಮಲಮೂತ್ರ, ಯಾವುದಾದರೊಂದು ಮಾತ್ರೆ, ಇವುಗಳಿಂದ ಹೀಗಾಗುತ್ತದೆ. ವೈದ್ಯರಿಗೆ ಕೂಡಲೇ ತಿಳಿಸಬೇಕು. ಕನ್ನಡಕ ಹಾಕಿಸಿ, ರಾತ್ರಿ ಸಣ್ಣ ದೀಪ ಉರಿಸಿ, ಬಳಕೆಯ ದನಿಯಲ್ಲಿ ಹೆಸರು ಹೇಳಿ ಮಾತಾಡಿಸಿರಿ.

ತಡಮಾಡದೆ ಮತ್ತೆ ಒಯ್ಯಬೇಕಾದುದು ಯಾವಾಗ?

ಈ ಕೆಳಗಿನ ಲಕ್ಷಣಗಳಲ್ಲಿ ಒಂದು ಕಂಡರೂ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು. ಮೊದಲೆರಡು ಕಂಡರೆ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಬೇಕು.

1. ಏದುಸಿರು, ಎದೆನೋವು, ಕೆಮ್ಮಿನಲ್ಲಿ ರಕ್ತ.

2. ಎಬ್ಬಿಸಿದರೂ ಸರಿಯಾಗಿ ಎಚ್ಚರಗೊಳ್ಳದ ಮಂಪರು, ಅಥವಾ ಹೊಸದಾಗಿ ಬುದ್ಧಿ ಕದಡಿದ್ದು.

3. ಜ್ವರ, ಚಳಿ, ಹಳದಿ ಅಥವಾ ಹಸಿರು ಕಫ.

4. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುವುದು.

5. ಗಾಯದಿಂದ ಕೀವು ಅಥವಾ ನೀರು ಒಸರುವುದು, ಸುತ್ತ ಕೆಂಪಾಗುವುದು.

6. ಕಾಲು ಇದ್ದಕ್ಕಿದ್ದಂತೆ ಗಿಡ್ಡವಾಗಿ ತಿರುಚಿಕೊಳ್ಳುವುದು; ನಿನ್ನೆ ನಡೆದವರು ಇಂದು ಕಾಲೂರಲಾರದಿರುವುದು.

7. ಮೂತ್ರ ಕಟ್ಟುವುದು, ಉರಿಯುವುದು. ಒಂದು ದಿನ ಪೂರ್ತಿ ಏನೂ ಉಣ್ಣದೆ ಕುಡಿಯದೆ ಇರುವುದು.

ವೃದ್ಧರಲ್ಲಿ ಸೋಂಕಿದ್ದರೂ ಜ್ವರ ಬಾರದೆ ಇರಬಹುದು. “ಏಕೋ ಇಂದು ಅವ್ವ ಮಂಕಾಗಿದ್ದಾಳೆ” ಎಂಬ ಮನೆಯವರ ಅನಿಸಿಕೆಯೇ ಎಷ್ಟೋ ಸಲ ಮೊದಲ ಲಕ್ಷಣ. ಆಸ್ಪತ್ರೆಗೆ ಮರಳುವುದು ಅವಮಾನವೆಂದು, ಇಲ್ಲವೇ ಖರ್ಚೆಂದು ನಾಲ್ಕು ದಿನ ತಳ್ಳಿದರೆ ಎರಡು ದಿನದಲ್ಲಿ ಗುಣವಾಗುವ ರೋಗ ಪ್ರಾಣಕ್ಕೇ ಬರಬಹುದು.

ಎರಡನೆಯ ಸಲ ಬೀಳದಂತೆ

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯಿದೆ. ಇಲ್ಲಿ ಮಾತ್ರ ಸೂರೆ ಹೋದ ಮೇಲೂ ಬಾಗಿಲು ಹಾಕಬೇಕು; ಏಕೆಂದರೆ ಇನ್ನೊಂದು ಸೊಂಟ ಉಳಿದಿದೆ. ಬಚ್ಚಲಿನ ಪಾಚಿ ಉಜ್ಜಿ ತೆಗೆಸಿ, ಗೋಡೆಗೆ ಹಿಡಿಕೆ ಹಾಕಿಸಿ. ಹೊಸಿಲಿಗೆ ಬಿಳಿಯ ಬಣ್ಣ ಬಳಿಯಿರಿ. ಮಂಚದಿಂದ ಪಾಯಖಾನೆಯವರೆಗೆ ದೀಪವಿರಲಿ. ನಡುವೆ ಹಗ್ಗ, ಮಂಕರಿ, ಮಡಿಚಿದ ಚಾಪೆ ಇರಬಾರದು. ಸವೆದ ಚಪ್ಪಲಿ, ಕಾಲಿಗೆ ತೊಡರುವ ಪಂಚೆ ಸೀರೆ ಬೇಡ. ಕಣ್ಣಿನ ಪೊರೆ ಇದ್ದರೆ ತೆಗೆಸಿ. ನಿದ್ದೆಯ ಮಾತ್ರೆ ನಿಜವಾಗಿ ಅವಶ್ಯವೇ ಎಂದು ವೈದ್ಯರನ್ನು ಕೇಳಿ.

ನಿಂತ ಎತ್ತರದಿಂದ ಬಿದ್ದು ಸೊಂಟ ಮುರಿಯಿತೆಂದರೆ ಮೂಳೆ ಟೊಳ್ಳಾಗಿದೆ ಎಂದೇ ಅರ್ಥ. ಮುರಿದುದನ್ನು ಜೋಡಿಸಿ, ಟೊಳ್ಳುತನಕ್ಕೆ ಚಿಕಿತ್ಸೆ ಕೊಡಿಸದೆ ಬಿಡುವುದು ಎಲ್ಲೆಡೆ ನಡೆಯುತ್ತಿರುವ ಲೋಪ. ಸುಣ್ಣದ ಅಂಶ ಮತ್ತು ಡಿ ಜೀವಸತ್ವದ ಜೊತೆಗೆ ಮೂಳೆ ಗಟ್ಟಿ ಮಾಡುವ ಔಷಧಗಳಿವೆ. ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರಾನಿಕ್ ಆಮ್ಲವೆಂಬ ಔಷಧವನ್ನು ಸೊಂಟ ಮುರಿದವರಿಗೆ ಕೊಟ್ಟು ನೋಡಿದ ಪರೀಕ್ಷೆಯ ಫಲ 2007ರಲ್ಲಿ ಪ್ರಕಟವಾಯಿತು. ಹೊಸ ಮುರಿತಗಳು ನೂರಕ್ಕೆ 35ರಷ್ಟೂ ಸಾವು ನೂರಕ್ಕೆ 28ರಷ್ಟೂ ಕಡಮೆಯಾದುವು. ಮೂತ್ರಪಿಂಡ ಮತ್ತು ಡಿ ಜೀವಸತ್ವವನ್ನು ಪರೀಕ್ಷಿಸಿದ ನಂತರವೇ ಇದನ್ನು ಕೊಡತಕ್ಕದ್ದು. “ನಮ್ಮವರಿಗೆ ಮೂಳೆ ಗಟ್ಟಿಯಾಗುವ ಔಷಧ ಬೇಕೇ?” ಎಂದು ನೀವೇ ಕೇಳಿರಿ.

ನಮ್ಮ ಜಿಲ್ಲೆಯ ಪಾವಗಡ ಮೊದಲಾದ ಕಡೆ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಬಹುಕಾಲ ಅದನ್ನೇ ಕುಡಿದವರ ಮೂಳೆ ನೋಡಲು ದಪ್ಪವಾಗಿದ್ದರೂ ಪೆಡಸಾಗುತ್ತದೆ. ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ, ಶುದ್ಧ ನೀರನ್ನೇ ಬಳಸಿರಿ.

ಊರಿನವರ ಕೆಲಸ

ವಸಂತನರಸಾಪುರದ ಕೈಗಾರಿಕಾ ಪ್ರದೇಶ ಬೆಳೆದಂತೆ ಕೋರ ಹೋಬಳಿಯ ಎಷ್ಟೋ ಮನೆಗಳಲ್ಲಿ ಮಗ ಸೊಸೆ ಇಬ್ಬರೂ ಪಾಳಿಯ ಕೆಲಸಕ್ಕೆ ಹೋಗುವುದು ಸಾಮಾನ್ಯ. ಹಗಲೆಲ್ಲ ಹಿರಿಯರು ಒಬ್ಬರೇ. ಮೊದಲ ಒಂದು ತಿಂಗಳು ಒಬ್ಬರ ಆರೈಕೆ ಒಂದೇ ಮನೆಯಿಂದ ಆಗದ ಕೆಲಸ. ನೆರೆಹೊರೆಯವರು ಸರದಿಯಂತೆ ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ಹೋಗಿ ನೀರು ಕುಡಿಸಿ, ನಾಲ್ಕು ಹೆಜ್ಜೆ ನಡೆಸಿದರೆ ಅದೇ ದೊಡ್ಡ ಉಪಕಾರ. ಆಸ್ಪತ್ರೆಯಿಂದ ಬಂದ ದಿನವೇ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಅವರು ಬಂದು ನೋಡಲು ಅನುಕೂಲ. ಹಿರಿಯ ನಾಗರಿಕರ ಸಹಾಯವಾಣಿ 14567.

ಮಹಿಳಾ ಸಂಘಗಳಿಗೆ ಒಂದು ಸಲಹೆ. ವಾಕರ್, ಕಮೋಡ್ ಕುರ್ಚಿಗಳು ಒಂದು ಮನೆಗೆ ಬೇಕಾಗುವುದು ಕೆಲವು ತಿಂಗಳು ಮಾತ್ರ. ಆಮೇಲೆ ಅಟ್ಟ ಸೇರುತ್ತವೆ. ಅಂಥವನ್ನು ಸಂಗ್ರಹಿಸಿ, ತೊಳೆದು, ಪಂಚಾಯಿತಿ ಕಟ್ಟಡದಲ್ಲಿಯೋ ಸಂಘದ ಮನೆಯಲ್ಲಿಯೋ ಇಟ್ಟು, ಪುಸ್ತಕದಲ್ಲಿ ಬರೆದುಕೊಂಡು ಎರವಲು ಕೊಡಿರಿ. ಎರಡು ವಾಕರ್, ಒಂದು ಕುರ್ಚಿ ಇದ್ದರೂ ಒಂದು ಊರಿಗೆ ಆರಂಭಕ್ಕೆ ಸಾಕು.

ಮೂಳೆಯನ್ನು ವೈದ್ಯರು ಒಂದೆರಡು ಗಂಟೆಯಲ್ಲಿ ಜೋಡಿಸಿಕೊಡುತ್ತಾರೆ. ಮನುಷ್ಯರನ್ನು ಮತ್ತೆ ಜಗಲಿಗೆ, ಅಂಗಳಕ್ಕೆ, ಪಕ್ಕದ ಮನೆಗೆ ನಡೆಸಿಕೊಂಡು ಹೋಗುವ ಮುಂದಿನ ಮೂರು ತಿಂಗಳ ಕೆಲಸ ಮನೆಯವರದು, ಊರಿನವರದು. ಈ ಪುಟವನ್ನು ಓದಿದವರು ಓದು ಬಾರದವರಿಗೂ ಓದಿ ಹೇಳಿರಿ. ಬಿಡುಗಡೆಯ ಚೀಟಿಯ ಜೊತೆಯಲ್ಲಿ ಇದನ್ನೂ ಮಡಿಚಿ ಇಟ್ಟುಕೊಳ್ಳಿರಿ.